ಗುರುತಿಲ್ಲದ ಬೀಗದ ಕೈ

ಪ್ರೀತಿಯ ಅಕ್ಕಾ,

ಮೂರು ತಿಂಗಳು ಮಾತು ಬಿಟ್ಟವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಮೂಗು ಮುರಿಯಬೇಡ. ಫೋನು ಮಾಡೋಣವೆಂದರೆ, ನನ್ನ ಫೋನಿನಲ್ಲಿ ಏನಿದೆ ಎಂಬುದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಹೇಗೆಂದು ನನಗೂ ತಿಳಿಯದು. ನನಗೆ ಭಯವಾಗಿದೆ ಅಕ್ಕಾ. ಹಗಲು ಮೂರು ಗಂಟೆಗೆ, ಅಪ್ಪನ ಬೀಗದ ಅಂಗಡಿಯಲ್ಲಿ, ಷಟರ್ ಅರ್ಧ ಎಳೆದುಕೊಂಡು ಕೂತು ಬರೆಯುತ್ತಿದ್ದೇನೆ.

ಅವನೆಂದರೆ ಅವನೇ, ನೀನು 'ಬೆಣ್ಣೆ' ಎಂದು ಹೆಸರಿಟ್ಟವನು. ಎರಡು ವರ್ಷದ ಹಿಂದೆ ನನ್ನ ಅರ, ಸುತ್ತಿಗೆಗಳ ಪೆಟ್ಟಿಗೆಯನ್ನು ಮಹಡಿಯಿಂದ ರಸ್ತೆಗೆ ಎಸೆದು ಹೋದವನು ಮತ್ತೆ ಬಂದು ಅಂಗಡಿ ಮುಂದೆ ನಿಂತು ಅತ್ತಾಗ ನಾನು ಕರಗಿಹೋದೆ. "ಅವನು ಬದಲಾಗಿದಾನೆ ಅಂತ ಯಾರು ಹೇಳಿದ್ದು? ಅವನೇ ತಾನೆ?" ಎಂದೆ ನೀನು. "ನಿನಗೆ ಹೊಟ್ಟೆಕಿಚ್ಚು" ಎಂದೆ ನಾನು. ಆ ಮಾತಾಡಿದ ನಾಲಿಗೆ ಸೀಳಬೇಕು. ಮೊದಲ ಸಲ ಅವನು ನನಗೆ ಕೈ ಕೊಟ್ಟ. ಎರಡನೇ ಸಲ ನಾನೇ ಅವನಿಗೆ ಮನೆಯ ಬೀಗದ ಕೈ ಕೊಟ್ಟೆ. ನಾನೇ ಉಜ್ಜಿ ಮಾಡಿ, ಅಪ್ಪ ಕಲಿಸಿದಂತೆ ಹಿಡಿಯ ಅಂಚಿಗೆ ಗುರುತು ಹಾಕಿ ಕೊಟ್ಟೆ. ನೀನು ಮಾಡಿದ್ದಕ್ಕೆ ಒಂದು ಗೆರೆ, ನಾನು ಮಾಡಿದ್ದಕ್ಕೆ ಎರಡು. ಅದು ಅಪ್ಪನನ್ನು, ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅವನಿಗೂ.

ಮೊದಲ ತಿಂಗಳು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ, ಅವನು ಕೆಲಸಕ್ಕೆ ಹೋಗಿದ್ದೆ ಎಂದ ದಿನವೂ, ನಾನು ಅಂಗಡಿಯಿಂದ ಬರುವಷ್ಟರಲ್ಲಿ ನನ್ನ ಬಚ್ಚಲು ಒದ್ದೆಯಾಗಿರುತ್ತಿತ್ತು. ಒಂದು ದಿನ ಊಟದ ನಡುವೆ ನಗುತ್ತಾ, "ಬೆಣ್ಣೆ ಅಂದ್ರೆ ನಾನೇನಾ?" ಎಂದ. ಆ ಹೆಸರಿರುವ ನಿನ್ನ ಹಳೆಯ ಕಾಗದಗಳು ಬೀರುವಿನ ತಳದಲ್ಲಿದ್ದವು ಅಕ್ಕಾ, ಸೀರೆಗಳ ಕೆಳಗೆ.

ಕಳೆದ ಭಾನುವಾರ ಹೋಟೆಲಿನಲ್ಲಿ, ನಾಲ್ಕು ಜನರ ಎದುರು, ಸಾಕು ಎಂದೆ. ಬೀಗದ ಕೈ ವಾಪಸು ಕೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಮೇಜಿನ ಮೇಲಿಟ್ಟು, "ತಗೋ, ನಿನ್ನ ಭಯ ಹೋಗಲಿ" ಎಂದ. ಎಷ್ಟು ಮೆತ್ತಗೆ ಎಂದರೆ, ನನಗೇ ನಾಚಿಕೆಯಾಗಿ ನೋಡದೆ ಪರ್ಸಿಗೆ ಹಾಕಿಕೊಂಡೆ. ಊರವರ ಬೀಗಗಳನ್ನೆಲ್ಲ ತಿರುಗಿಸಿ ಮುರುಗಿಸಿ ನೋಡುವವಳು ನನ್ನದನ್ನು ನೋಡಲಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಕನ್ನಡಕ ಹುಡುಕುವಾಗ ಪರ್ಸಿನಲ್ಲಿ ಆ ಬೀಗದ ಕೈ ಸಿಕ್ಕಿತು. ಹಿಡಿಯನ್ನು ಸುಮ್ಮನೆ ಸವರಿದೆ. ನುಣ್ಣಗಿತ್ತು. ಗೆರೆಯೇ ಇಲ್ಲ. ಹಲ್ಲುಗಳ ಅಂಚು ಇನ್ನೂ ಚುಚ್ಚುತ್ತಿದೆ. ಬೇರೆ ಯಾರೋ ಅವಸರದಲ್ಲಿ ಮಾಡಿಕೊಟ್ಟ ನಕಲು. ನಾನು ಮಾಡಿದ್ದು ಅವನ ಬಳಿಯೇ ಇದೆ. ಮಂಗಳವಾರ ಕಿಟಕಿಯ ಕುಂಡದ ಮಣ್ಣು ಒದ್ದೆಯಾಗಿತ್ತು. ನಾನೇ ನೀರು ಹಾಕಿ ಮರೆತಿರಬೇಕೆಂದು ನನ್ನನ್ನೇ ಬೈದುಕೊಂಡಿದ್ದೆ.

ಪೊಲೀಸರಿಗೆ ಏನೆಂದು ಹೇಳಲಿ? ಬೀಗದ ಕೈ ವಾಪಸು ಕೊಟ್ಟಿದ್ದಾನೆ, ಗಿಡಕ್ಕೆ ನೀರು ಹಾಕಿದ್ದಾನೆ ಎಂದೇ? ಮನೆಗೆ ಓಡಿಹೋಗಿ ಬೀಗ ಬದಲಾಯಿಸಿದೆ. ಕಂಡವರ ಬಾಗಿಲನ್ನು ಐದು ನಿಮಿಷದಲ್ಲಿ ತೆಗೆದುಕೊಡುವವಳ ಕೈಯಿಂದ ಸ್ಕ್ರೂ ಮೂರು ಸಲ ಜಾರಿ ಬಿತ್ತು. ಮಂಚದ ಕೆಳಗೂ ಬಗ್ಗಿ ನೋಡಿದೆ, ನಗಬೇಡ. ಹೊಸ ಬೀಗ ಹಾಕಿದ ಮೇಲೂ ಅಲ್ಲಿ ಕೂರಲು ಧೈರ್ಯ ಬರಲಿಲ್ಲ.

ಸಂಜೆಯೊಳಗೆ ಅಂಗಡಿಗೆ ಬಂದು ನನ್ನನ್ನು ಕರೆದುಕೊಂಡು ಹೋಗು. "ನಾನು ಹೇಳಿರಲಿಲ್ವಾ" ಎಂದು ದಾರಿಯುದ್ದಕ್ಕೂ ಹೇಳು, ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಈ ಕಾಗದವನ್ನು ಪಕ್ಕದ ದರ್ಜಿಯಮ್ಮ ತರುತ್ತಾರೆ. ಒಳ್ಳೆಯವರು, ಆದರೆ ಅವನು ನಕ್ಕು ಕೇಳಿದರೆ ಕೊಟ್ಟುಬಿಡುವವರು. ಅದಕ್ಕೇ ಒಂದು ವಿಷಯ ಇಲ್ಲಿ ಬರೆಯುವುದಿಲ್ಲ. ಷಟರ್ ಪೂರ್ತಿ ಎಳೆದು ಒಳಗೆ ಕೂತಿರುತ್ತೇನೆ. ಚಿಕ್ಕಂದಿನಲ್ಲಿ ನಾನು ಮೊದಲ ಬೀಗದ ಕೈ ಮಾಡಿದ ದಿನ, ಸಂಭ್ರಮಕ್ಕೆ ಎಷ್ಟು ಗೆರೆ ಎಳೆದು ಅಪ್ಪನಿಂದ ಬೈಸಿಕೊಂಡೆ, ನೆನಪಿದೆಯಲ್ಲ? ಅಷ್ಟೇ ಸಲ ತಟ್ಟು. ಒಂದು ಹೆಚ್ಚಾದರೂ, ಒಂದು ಕಡಿಮೆಯಾದರೂ ನಾನು ತೆಗೆಯುವುದಿಲ್ಲ, ಹೊರಗಿನಿಂದ ಕೂಗುವುದು ನಿನ್ನ ದನಿಯೇ ಆದರೂ.

ನಿನ್ನ ಮನೆಯ ಬೀಗಗಳು ನಿನ್ನ ಕೈಗೆ ಮಾತ್ರ ತೆರೆಯಲಿ.

ನಿನ್ನ ತಂಗಿ,
ಎರಡು ಗೆರೆಯವಳು