ಘಾಟು ಹಾರಿದ ಡಬ್ಬಿಗಳು

ಮನೆಯಿಂದ, ಮೂರನೇ ಮಹಡಿ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಯ ಅಪ್ಪನಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೆ? ಕ್ರೇನಿನ ಏಣಿ ಹತ್ತುವಾಗ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲಾ ಹೆಂಡತಿ ಎದುರಿಗಿಲ್ಲವೆಂದು ಮೂಲೆಗೆ ಎಸೆದಿದ್ದೀರೋ? ಸೇತುವೆ ಮುರಿದಾಗಿನಿಂದ ನಿಮ್ಮ ದನಿ ಕೇಳಿಲ್ಲ. ಫೋನು ಸತ್ತಿದೆ. ಆಚೆ ದಡದಿಂದ ಔಷಧಿ ಹಂಚಲು ಬರುವ ದೋಣಿಯವನು, ಬರೆದುಕೊಟ್ಟರೆ ನೀವು ಕೆಲಸ ಮಾಡುವ ಬಂದರಿಗೆ ತಲುಪಿಸುತ್ತೇನೆ ಎಂದಿದ್ದಾನೆ. ಅವನು ನಮ್ಮ ಬೀದಿ ಸುತ್ತಿ ಬರುವಷ್ಟರಲ್ಲಿ ಇದನ್ನು ಮುಗಿಸಬೇಕು.

ನಾವು ಇದ್ದೇವೆ, ಅಷ್ಟೇ. ನೀರು ಮೊದಲ ಮಹಡಿಯ ಕಿಟಕಿ ಮುಟ್ಟಿದೆ. ಕರೆಂಟಿಲ್ಲ, ಪೈಪಿನ ಗ್ಯಾಸೂ ಇಲ್ಲ, ನಲ್ಲಿಯಲ್ಲಿ ಕೆಸರು. ದೊಡ್ಡವರು ಹೇಗೋ ಮೂಗು ಮುಚ್ಚಿಕೊಂಡು ಕುಡಿಯುತ್ತೇವೆ. ಪುಟ್ಟಿ ಏನು ಮಾಡಬೇಕು? ನನ್ನ ಹಾಲು ನಿಂತದ್ದು ನಿಮಗೆ ಗೊತ್ತೇ ಇದೆ. ಹಾಲಿನ ಪುಡಿ ಬೇಕಾದಷ್ಟಿದೆ, ಕಲಸಲು ಕುದಿಸಿದ ನೀರಿಲ್ಲ. ನಿನ್ನೆ ಹಸಿವಿನಿಂದ ಅವಳು ಕಿರುಚುವುದನ್ನು ತಾಳಲಾರದೆ ಸೋಸಿದ ನೀರಲ್ಲೇ ಕಲಸಿ ಕುಡಿಸಿಬಿಟ್ಟೆ. ಆಗಿನಿಂದ ಭೇದಿ. ಕಣ್ಣು ಒಳಗೆ ಹೋಗಿದೆ, ಅಳಲೂ ತ್ರಾಣವಿಲ್ಲ. ದೋಣಿಯವನು ಔಷಧದ ಪುಡಿ ಕೊಟ್ಟ. ಅದನ್ನೂ ಕುದಿಸಿ ಆರಿಸಿದ ನೀರಲ್ಲೇ ಕಲಸಬೇಕಂತೆ! ಮಗುವನ್ನಾದರೂ ಕರೆದುಕೊಂಡು ಹೋಗಪ್ಪ ಎಂದು ಅವನ ಕಾಲು ಹಿಡಿದೆ. ನೀರಿನ ಸೆಳೆತ ಇಳಿಯುವವರೆಗೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂದು ಅವನೇ ನನಗೆ ಕೈಮುಗಿದ. ಉರಿಸಲು ಏನಾದರೂ ತಂದುಕೊಡು ಎಂದರೆ, ಆಚೆಯ ಅಂಗಡಿಗಳೂ ಗುಡಿಸಿದಂತೆ ಖಾಲಿಯಂತೆ.

ಕಷ್ಟಕಾಲಕ್ಕೆಂದು ಅಟ್ಟದ ಮೇಲೆ ನಿಮ್ಮಪ್ಪ ಇಟ್ಟಿದ್ದ ಸ್ಪಿರಿಟ್ ಜೆಲ್ ಡಬ್ಬಿಗಳು ಏನಾದವು ಎಂದು ಕೇಳುತ್ತೀರಿ. ಕಡ್ಡಿ ಗೀರಿದರೆ ಸಾಕು, ಒಲೆಯಂತೆ ಉರಿಯುತ್ತದೆ ಎಂದು ಮಾವ ಹೇಳಿದಾಗೆಲ್ಲ ಇಡೀ ಕಟ್ಟಡ ನಗುತ್ತಿತ್ತು. ಗ್ಯಾಸ್ ನಿಂತ ದಿನ ಅದೇ ಕಟ್ಟಡ ಪಾತ್ರೆ ಹಿಡಿದು ನಮ್ಮ ಬಾಗಿಲಿಗೆ ಬಂತು. ಮಾವ ಮದುಮಗನ ಗತ್ತಿನಲ್ಲಿ ಏಣಿ ಹತ್ತಿದರು. ಮೊದಲ ಡಬ್ಬಿಯ ತಳದಲ್ಲಿ ಒಣಗಿದ ಗೋಂದಿನಂಥ ಒಂದು ಪದರ. ಎರಡನೆಯದರಲ್ಲೂ ಅದೇ. ಎಲ್ಲದರಲ್ಲೂ ಅದೇ. ಕಡ್ಡಿ ತಾಗಿಸಿದರೆ ಕಪ್ಪಗೆ ಸುರುಟಿಕೊಂಡಿತೇ ಹೊರತು ಉರಿಯಲಿಲ್ಲ. ಬಂದವರು ಒಬ್ಬೊಬ್ಬರಾಗಿ ಪಾತ್ರೆ ಎತ್ತಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಡಬ್ಬಿಯ ಮೇಲೆ ಇನ್ನೂ ಎರಡು ವರ್ಷ ಬಾಳಿಕೆ ಎಂದೇ ಇದೆ. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ, ಸೀಲು ತೆರೆಯದಿದ್ದರೆ ಎಂದೂ ಇದೆ. ನಿಮ್ಮಪ್ಪನ ಕೈಯಲ್ಲಿ ಸೀಲು ಉಳಿಯುವುದುಂಟೇ? ಕಾರ್ಖಾನೆಯ ಉಗ್ರಾಣದಲ್ಲಿ ಆಯುಷ್ಯ ಸವೆಸಿದವರು. "ಕಣ್ಣಾರೆ ನೋಡ್ದೇ ಇರೋದು ಸ್ಟಾಕೇ ಅಲ್ಲ ಕಣಮ್ಮಾ" ಎನ್ನುತ್ತ ತಿಂಗಳು ತಿಂಗಳೂ ಚಮಚದ ಹಿಂದುಗಡೆಯಿಂದ ಪ್ರತಿ ಮುಚ್ಚಳ ಮೀಟುವುದು, ಮೂಸುವುದು, "ಘಾಟು ಜೋರಾಗಿದೆ!" ಎಂದು ಖುಷಿಪಟ್ಟು ಹೆಬ್ಬೆರಳಿನಿಂದ ಒತ್ತಿಡುವುದು. ಆ ದಿನವೆಲ್ಲ ಮನೆ ಆಸ್ಪತ್ರೆಯ ಹಾಗೆ ನಾರುತ್ತಿತ್ತಲ್ಲ, ಹಾರಿಹೋಗುತ್ತಿದ್ದದ್ದು ನಮ್ಮ ಬೆಂಕಿಯೇ. ಮೊದಲ ಸಲವೇ ಲೆಕ್ಕಕ್ಕೆ ಒಂದು ಡಬ್ಬಿ ಕಡಿಮೆ ಬಂತೆಂದು ನನ್ನ ಮೇಲೆ ಹಾರಾಡಿದ್ದೂ ನೆನಪಿರಬೇಕು. ಕಳ್ಳ ಯಾರೆಂದು ಗೊತ್ತಿದ್ದೂ ನಾನೇ ಬೈಸಿಕೊಂಡೆ.

ಮಾವನಿಗೆ ಬಾಯಿಗೆ ಬಂದಂತೆ ಅನ್ನಬೇಕೆನಿಸಿತು. ಆದರೆ ಅವರು ಖಾಲಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು, "ಹೋದ ತಿಂಗಳು ಘಾಟಿತ್ತಲ್ಲಮ್ಮಾ" ಎಂದು ಮತ್ತೆ ಮತ್ತೆ ಮೂಸುತ್ತಾರೆ. ಯಾಕೆ ಹೀಗಾಯಿತೆಂದು ನಾನು ಹೇಳಿಲ್ಲ. ನೀವೂ ಹೇಳಬೇಡಿ. ಅವರ ಸ್ಟೂಲು, ಪೊರಕೆಯ ಹಿಡಿ, ನಿಮ್ಮ ಚೆಸ್ ಬೋರ್ಡು ಎಲ್ಲ ಉರಿಸಿ ಇಷ್ಟು ದಿನ ತಳ್ಳಿದೆವು. ಈಗ ಮನೆಯಲ್ಲಿ ಉಳಿದಿರುವುದು ಕಬ್ಬಿಣ, ಪ್ಲಾಸ್ಟಿಕ್ಕು. ಪುಸ್ತಕ ಸುಟ್ಟರೆ ಹೊಗೆಯೇ ಜಾಸ್ತಿ, ನೀರು ಬೆಚ್ಚಗಾಯಿತೇ ಹೊರತು ಕುದಿಯಲಿಲ್ಲ. ನನಗೆ ಭಯವಾಗುತ್ತಿದೆ ರೀ. ಮಡಿಲಲ್ಲಿ ಮಲಗಿದವಳು ತುಂಬ ಹಗುರವಾಗಿದ್ದಾಳೆ.

ಮಾವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಮನೆಯಲ್ಲಿ ಎಲ್ಲ ಸರಿಯಿದೆ ಎಂದು ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ ಎಂದುಕೊಂಡಿದ್ದಾರೆ. ಸೊಂಟ ಜೋಪಾನ.

ನಿಮ್ಮ
ಜಗಳಗಂಟಿ

ವಿ.ಸೂ.: ದೋಣಿಯವನು ಕೆಳಗಿನಿಂದ ಕೂಗುತ್ತಿದ್ದಾನೆ. ಡಬ್ಬಿಗಳು ಮನೆಗೆ ಬಂದ ವಾರವೇ ನೀವು ಟೀ ಕಾಯಿಸಲು ಒಂದನ್ನು ಹಾರಿಸಿಕೊಂಡು ಹೋದಿರಲ್ಲ? ಕ್ರೇನಿನಲ್ಲಿ ಬೆಂಕಿ ಹಚ್ಚಿದರೆ ಕೆಲಸ ಹೋಗುತ್ತದೆಂದು ಹೆದರಿ, ಲಾಕರಿನಲ್ಲೇ ಇಟ್ಟಿದ್ದೇನೆ ಎಂದಿದ್ದಿರಿ. ಮಾವನ ಕೈ ಸೋಕದ ಡಬ್ಬಿ ಅದೊಂದೇ. ಇದೇ ದೋಣಿಯಲ್ಲಿ ಕಳಿಸಿ. ಉತ್ತರ ಬರೆಯುತ್ತ ಕೂರಬೇಡಿ. ನಿಮ್ಮ ದಮ್ಮಯ್ಯ, ನೀವೂ ಅವರ ಮಗನೇ, ಒಳಗೆ ಸರಿಯಿದೆಯೋ ಇಲ್ಲವೋ ಎಂದು ಮುಚ್ಚಳ ಮಾತ್ರ ತೆಗೆದು ನೋಡಬೇಡಿ.