ಚೀಟಿ ಬರೆದು ಆಳಿದ ಚಕ್ರವರ್ತಿ

ಮೇ ೧೪, ಗುರುವಾರ. ಕೆಲ್ಲಿವಿಲ್

ಖುಷಿಯಿಂದ ನನಗೆ ನಿದ್ದೆಯೇ ಬರುತ್ತಿಲ್ಲ. ನಮ್ಮ ಯಜಮಾನರು ಹೋದಮೇಲೆ ಮೊಮ್ಮಗಳು ಪ್ರಣತಿ ಅವರ ಮಾತನ್ನೇ ಎತ್ತಿರಲಿಲ್ಲ. ಇವತ್ತು ಶಾಲೆಯ ಪಾಠ ಹೇಳುತ್ತಾ ಕೂತಳು. ಜರ್ಮನಿಯ ಚಕ್ರವರ್ತಿ ಮೂರನೇ ಫ್ರೆಡರಿಕ್‌ಗೆ ಗಂಟಲಿನ ಕ್ಯಾನ್ಸರ್. ದನಿ ಹೋಗಿ, ಚೀಟಿ ಬರೆದೇ ತೊಂಬತ್ತೊಂಬತ್ತು ದಿನ ಆಳಿದನಂತೆ. ಅವನು ಬದುಕಿದ್ದರೆ ಮಹಾಯುದ್ಧ ತಪ್ಪುತ್ತಿತ್ತೇನೋ ಎಂದು ಈಗಲೂ ವಾದ ಮಾಡುತ್ತಾರಂತೆ.

“ಜಸ್ಟ್ ಲೈಕ್ ತಾತ,” ಎಂದಳು. ಪುಸ್ತಕ ಮುಚ್ಚಿಟ್ಟು, “ತಾತ ಲಾಸ್ಟ್ ಏನ್ ಬರ್ದಿದ್ರು ಅಜ್ಜಿ?”

“ಹುಳಿಗೆ ಉಪ್ಪು ಸಾಲದು ಅಂತ ಕಣೇ. ನುಂಗಕ್ಕೇ ಆಗ್ತಿರ್ಲಿಲ್ಲ, ವಾಸನೇಲೇ ಹೇಳ್ಬಿಟ್ರು.”

“ಟೋಟಲ್ ಎಂಪರರ್!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರ ನೆನಪಿಗೆ ಈ ಮನೆಯಲ್ಲಿ ನಗು ಬಂದಿದ್ದು ಇವತ್ತೇ. ನಾಳೆ ಹುಳಿ ಮಾಡುತ್ತೇನೆ. ಉಪ್ಪು ಅವಳೇ ನೋಡಲಿ.