ಹೂಂ ಅಂದರೆ ಹೌದಲ್ಲ

ಹೊಳೆಬಾಗಿಲು
ಫೆಬ್ರವರಿ ೩೦, ೨೧೯೪

ಅಕ್ಕಾ,

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಉಳಿದ ತಿಂಗಳುಗಳಷ್ಟೇ ದಿನ ಕೊಟ್ಟಿದ್ದಾರೆ. ನಿಮ್ಮ ಹೆಸರು ಗೊತ್ತಿಲ್ಲದ್ದರಿಂದ, ನನಗಿಂತ ಮೊದಲು ಹುಟ್ಟಿದವರೆಂಬ ಒಂದೇ ಸಲುಗೆಯಿಂದ ಅಕ್ಕ ಎಂದು ಕರೆದಿದ್ದೇನೆ. ನನ್ನ ಕೆಲವು ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿಯೇ ಎಂ.ಎ. ಮಾಡಿದವಳು ನಾನು, ಆದರೂ ಆ ಕನ್ನಡದಲ್ಲಿ ಬರೆಯಲು ಕೂತರೆ ಬೇರೆ ಯಾರದೋ ಸೀರೆ ಉಟ್ಟ ಹಾಗೆ ಆಗುತ್ತದೆ.

ಇವತ್ತು ಬೆಳಿಗ್ಗೆ ಆಲಿಕೆಮನೆಯ ಜಗಲಿಯಲ್ಲಿ ಅಡಿವೆಪ್ಪ ಗೋಡೆಯ ಧ್ವನಿಪೆಟ್ಟಿಗೆಗೆ ಹೂಂ ಅನ್ನುತ್ತಾ ಕೂತಿದ್ದ. ಪೆಟ್ಟಿಗೆ ಎಂದಿನಂತೆ ಊರಿನ ಸುದ್ದಿ ಹೇಳುತ್ತಿತ್ತು. ಮೇಲಿನ ಓಣಿಗೆ ನೀರು ತಡವಾಗಿ ಬರುತ್ತದೆ ಎಂದಿತು. ಅಡಿವೆಪ್ಪ ಹೂಂ ಅಂದ. ಗಾಳಿ ಜೋರಿರುವುದರಿಂದ ದೋಣಿಗಳು ಆಚೆ ದಡಕ್ಕೆ ಹೋಗುವುದಿಲ್ಲ ಎಂದಿತು. ಹೂಂ. ಸುದ್ದಿ ಮುಗಿದು ಪೆಟ್ಟಿಗೆ ಸುಮ್ಮನಾದ ಮೇಲೂ ಅವನು ಸ್ವಲ್ಪ ಹೊತ್ತು ಕತ್ತು ಚಾಚಿ ಕಾದ. ಆಮೇಲೆ ಅದರ ಕಡೆ ತಿರುಗಿ, "ಯಾಕ ನಿಂತಿ? ಮುಂದೇನಾತು?" ಅಂದ. ನಾನು ನಕ್ಕೆ. ನಕ್ಕ ಮೇಲೆ ಅವನ ವಿಚಾರಣೆ ನೆನಪಾಯಿತು.

ಆಲಿಕೆಮನೆ ಅಂದರೆ ಕೇಳಿಸಿಕೊಳ್ಳುವ ಮನೆ. ನಿಮ್ಮ ಕಾಲದ ಜೈಲು, ಆಸ್ಪತ್ರೆ, ಕೋರ್ಟು ಮೂರನ್ನೂ ಒಂದೇ ಸೂರಿನ ಕೆಳಗೆ ತಂದ ಹಾಗೆ ಅಂದುಕೊಳ್ಳಿ. ಮನಸ್ಸಿನ ಕಾಯಿಲೆ ಇರುವವರ ಮೇಲೆ ಅಪರಾಧದ ಆರೋಪ ಬಂದರೆ ಇಲ್ಲಿಗೆ ಕರೆತರುತ್ತಾರೆ. ಕಿಟಕಿಗಳಿಗೆ ಸರಳಿಲ್ಲ. ಅಂಗಳದಲ್ಲಿ ನುಗ್ಗೆಮರವಿದೆ, ಬೆಳಿಗ್ಗೆ ಬಿಸಿ ರೊಟ್ಟಿ ಸಿಗುತ್ತದೆ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾರೆ. ಬಂದ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ್ತಿ ಇರುತ್ತಾಳೆ. ನಾನು ಅಂಥವಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಬರುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತಿರುವುದಕ್ಕೆ ಸಂಬಳ ಕೊಡುವ ಕೆಲಸ ಇದೊಂದೇ ಎಂದು ಸೇರಿದೆ.

ಅಡಿವೆಪ್ಪ ದೋಣಿ ನಡೆಸುತ್ತಿದ್ದವನು, ವಯಸ್ಸಾದವನು. ಅವನಿಗೆ ದನಿಗಳು ಕೇಳಿಸುತ್ತವೆ. ಕೆಲವು ಬೈಯುತ್ತವೆ, ಹೊಳೆಗೆ ಹಾರು ಅನ್ನುತ್ತವೆ. ಮಾತ್ರೆ ನುಂಗಿದರೆ ಅವು ದೂರ ಸರಿಯುತ್ತವೆ, ಅವನ ಮುಖ ಸಡಿಲಾಗುತ್ತದೆ. ಒಂದು ದನಿ ಮಾತ್ರ ಅವನ ತೀರಿಹೋದ ಅಕ್ಕ ಮಲ್ಲವ್ವನದು. ಚಿಕ್ಕವನಿದ್ದಾಗ ತಾಯಿಯಿಲ್ಲದ ಅವನನ್ನು ಮಲಗಿಸುತ್ತಿದ್ದವಳು ಅವಳೇ, ಕಥೆ ಹೇಳಿ. ಈಗಲೂ ಹೇಳುತ್ತಾಳಂತೆ. ಹೋದ ಸುಗ್ಗಿಯಲ್ಲಿ ಊರಿನ ಬೀಜದ ಕಣಜ ಸುಟ್ಟುಹೋಯಿತು. ಅದರ ಎದುರಿಗೇ ಅಡಿವೆಪ್ಪ ಕೂತಿದ್ದ. ನಾನಿನ್ನೂ ಕೆಲಸಕ್ಕೆ ಸೇರಿರದ ಆ ದಿನಗಳಲ್ಲಿ ಮೊದಲ ವಿಚಾರಣೆ ಮುಗಿಯಿತು; ಅದರ ಧ್ವನಿಮುದ್ರಣವನ್ನು ಆಮೇಲೆ ಕೇಳಿದೆ. ಕಣಜದ ಹತ್ತಿರ ಹೋಗಿದ್ದೆಯಾ ಎಂದು ಕೇಳಿದರು. ಹೂಂ. ಕೈಯಲ್ಲಿ ಬೆಂಕಿ ಇತ್ತಾ? ಹೂಂ. ನೀನೇ ಹಚ್ಚಿದೆಯಾ? ಹೂಂ. ಮೂರು ಸಲವೂ ಹೇಳಿಕೆ ಬರೆಯುವ ಯಂತ್ರ ಹೌದು ಎಂದು ಬರೆದುಕೊಂಡಿತು.

ಇವತ್ತು ಮಧ್ಯಾಹ್ನ ತೀರ್ಪು. ತಪ್ಪು ಅವನದೇ ಎಂದಾದರೆ ಅವನಿಗೆ ತಿಳಿಗೊಳಿಕೆ. ಕದಡಿದ ನೀರನ್ನು ತಿಳಿಗೊಳಿಸುವ ಹಾಗೆ ಮನಸ್ಸನ್ನು ತಿಳಿಗೊಳಿಸುವುದು ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ದನಿಗಳೆಲ್ಲ ಹೋಗುತ್ತವೆ, ಅವುಗಳಿಗೆ ಅಂಟಿಕೊಂಡ ನೆನಪೂ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅಡಿವೆಪ್ಪ ಉಳಿಯುತ್ತಾನೆ. ತನಗೊಬ್ಬ ಅಕ್ಕ ಇದ್ದಳೆಂಬುದು ಅವನಿಗೆ ಗೊತ್ತಿರುವುದಿಲ್ಲ.

ಹೂಂ ಅನ್ನುವುದರಲ್ಲಿ ಏನು ಹೊಸದು ಎಂದು ನಿಮಗೆ ಅನ್ನಿಸಬಹುದು, ಅಕ್ಕಾ. ನಿಮ್ಮ ಮನೆಗಳಲ್ಲಿ ಮಕ್ಕಳು ಹೂಂಗುಟ್ಟುತ್ತಾ ಕಥೆ ಕೇಳುತ್ತಿದ್ದರೆಂದು ಓದಿದ್ದೇನೆ. ನಮ್ಮ ಕಾಲದಲ್ಲಿ ಆ ಸದ್ದೇ ಇಲ್ಲ. ನಮ್ಮ ಬಾಗಿಲು, ದೀಪ, ನಲ್ಲಿ ಎಲ್ಲವೂ ಮಾತು ಕೇಳಿ ನಡೆಯುವಂಥವು. ಹೂಂ ಎಂದರೆ ಏನು ಮಾಡಬೇಕೆಂದು ಅವಕ್ಕೆ ತಿಳಿಯದೆ ಗೊಂದಲವಾಗುತ್ತಿತ್ತಂತೆ. ಅದಕ್ಕೇ ಹೂಂ ಅಂದರೆ ಹೌದು ಎಂದು ಅವಕ್ಕೆ ಕಲಿಸಿದರು. ಮಕ್ಕಳಿಗೆ ಹೌದು, ಅಲ್ಲ ಎಂದು ಬಾಯಿ ತುಂಬ ಹೇಳುವುದನ್ನು ಕಲಿಸಿದರು.

ನನ್ನ ಆಯಿ ಮಾತ್ರ ಕಲಿಯಲಿಲ್ಲ. ಆಯಿ ಅಂದರೆ ನನ್ನ ಅಜ್ಜಿ. ಅವಳ ಆಯಿ ನಿಮ್ಮ ಮಕ್ಕಳ ಕಾಲದವಳು. ಬೇಸಿಗೆಯ ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಕೌದಿ ಹಾಸುತ್ತಿದ್ದೆವು. ಕಾದ ಮಣ್ಣು ತಣಿಯುವ ವಾಸನೆ, ಕೆಳಗೆ ಹೊಳೆಯ ಸದ್ದು, ನನ್ನ ಕೂದಲಲ್ಲಿ ಆಯಿಯ ಬೆರಳು. ನಾನು ಹೂಂ ಅನ್ನದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. "ನಾ ಯಾರಿಗೆ ಹೇಳಾಕತ್ತೀನಿ, ಕಂಬಕ್ಕೇನು?" ಅನ್ನುತ್ತಿದ್ದಳು. ಒಮ್ಮೆ ನಾನು ಹೂಂ ಅಂದಷ್ಟು ಸಲ ಕೆಳಗಿನ ನಲ್ಲಿ ಬಿಟ್ಟುಕೊಂಡು, ಮನೆಯ ಪಾಲಿನ ನೀರೆಲ್ಲ ಹರಿದುಹೋಯಿತು. ಅಪ್ಪ ಕೂಗಾಡಿದ. ಆಯಿ ನಲ್ಲಿಯನ್ನೇ ಬೈದಳು: "ಕೂಸು ನನಗ ಹೂಂ ಅಂದ್ರ ನಿನಗ್ಯಾಕ ಬೇಕಿತ್ತು, ಚಾಡಿಕೋರಾ?"

ನಾನು ನಿದ್ದೆಗೆ ಜಾರಿದ್ದೇನೋ ಇಲ್ಲವೋ ನೋಡಲು ಅವಳದೊಂದು ಉಪಾಯವಿತ್ತು. ದನಿ ಬದಲಿಸದೆ, "ಆಮ್ಯಾಲ ರಾಜಾನ ಆನಿ ಬಂದು ನಮ್ಮ ನೀಲಗಂಗಾನ್ನ ನುಂಗಿಬಿಡ್ತು," ಅನ್ನುತ್ತಿದ್ದಳು. ಆ ನೀಲಗಂಗಾ ನಾನೇ. ಅರೆನಿದ್ದೆಯಲ್ಲಿ ಅದಕ್ಕೂ ಹೂಂ ಅನ್ನುತ್ತಿದ್ದೆ. "ಹೌದೇನು? ಹಂಗಾರ ಆನಿ ಹೊಟ್ಟ್ಯಾಗ ಬೆಚ್ಚಗ ಮಲಕ್ಕೋ." ಅವಳು ಹೋಗಿ ಬಹಳ ವರ್ಷವಾಯಿತು. ಅವಳ ನಂತರ ನಾನು ಆ ಸದ್ದನ್ನು ಕೇಳಿದ್ದು ಅಡಿವೆಪ್ಪನ ಬಾಯಿಂದ.

ಬೆಳಿಗ್ಗೆಯೇ ಹೋಗಿ ವಿಚಾರಣೆಯ ಹಿರಿಯರಾದ ಚೆನ್ನವೀರ ಸರ್ ಅವರಿಗೆ, ಅವನ ಹೂಂ ಹೌದಲ್ಲ ಎಂದು ಹೇಳಿದೆ. ಕೆಟ್ಟವರಲ್ಲ, ಕೂರಿಸಿ ಮಜ್ಜಿಗೆ ಕೊಟ್ಟರು. "ತಂಗೀ, ಹೂಂ ಅಂದ್ರ ಹೌದು ಅಲ್ಲೇನು? ನಮ್ಮ ಮನಿ ನಲ್ಲಿಗೂ ಗೊತ್ತೈತಿ," ಅಂದರು. ನಾನು ಅಲ್ಲವೆಂದು ತಲೆಯಾಡಿಸಿದ್ದು ನೋಡಿ, "ಬ್ಯಾರೆ ಅರ್ಥ ಐತಿ ಅಂದ್ರ ಬದಿಮಣಿ ಮ್ಯಾಲ ಕೂತು ತೋರಸು," ಅಂದರು. ಬದಿಮಣೆ ಸಭೆಯ ನಡುವೆ ಇಟ್ಟಿರುವ ಗಿಡ್ಡ ಮಣೆ. ಆರೋಪಿಯ ಪರವಾಗಿ ಯಾರು ಬೇಕಾದರೂ ಅದರ ಮೇಲೆ ಕೂರಬಹುದು. ಆದರೆ ಅಲ್ಲಿ ಆಡಿದ ಒಂದೊಂದು ಮಾತನ್ನೂ ಊರೆಲ್ಲ ಕೇಳುತ್ತದೆ, ಯಂತ್ರ ಬರೆದುಕೊಳ್ಳುತ್ತದೆ, ಆಡಿದವರು ಅದಕ್ಕೆ ಬದ್ಧರು. ನಾನು ಇಲ್ಲಿಗೆ ಬಂದಾಗಿನಿಂದ ಆ ಮಣೆಯ ಮೇಲೆ ಯಾರೂ ಕೂತಿಲ್ಲ.

ಓದುವಾಗ ನಿಮ್ಮ ಕಾಲದ ಕೋರ್ಟಿನ ಹೇಳಿಕೆಗಳನ್ನೂ ನೋಡಿದ್ದೆ. ಕುರಿ ಕಾಯುವವನೂ ಹಣ್ಣು ಮಾರುವ ಮುದುಕಿಯೂ ಬುದ್ಧಿ ಕದಡಿದ ಹುಡುಗಿಯೂ ಒಂದೇ ಕನ್ನಡದಲ್ಲಿ, ಸದರಿ ದಿನ ಸದರಿ ಸ್ಥಳದಲ್ಲಿ ಎಂದು ಮಾತಾಡಿದ್ದರು. ಅವರು ನಿಜವಾಗಿ ಏನಂದರೋ ಯಾರಿಗೆ ಗೊತ್ತು? ಆದರೂ ನಿಮ್ಮ ಕಾಲವನ್ನು ನೆನೆದರೆ ನನಗೆ ಆಸೆಯಾಗುತ್ತದೆ. ನಿಮ್ಮಲ್ಲಿ ಇನ್ನೂ ಹೂಂ ಇತ್ತು. ಬರೆದುಕೊಳ್ಳುವವನು ಮನೆಗೆ ಹೋಗಿ ಮಗುವಿಗೆ ಕಥೆ ಹೇಳಿದರೆ ಅವನಿಗೇ ಹೊಳೆಯಬಹುದಿತ್ತು. ನಿಮ್ಮಲ್ಲಿ ನನ್ನದೊಂದು ಕೇಳಿಕೆ: ನಿಮ್ಮ ಮಗು ಕಥೆಗೆ ಹೂಂ ಅನ್ನುವಾಗ ಆ ಸದ್ದನ್ನು ಗಮನವಿಟ್ಟು ಕೇಳಿ. ಅದು ಒಪ್ಪಿಗೆಯಲ್ಲ. ನಾನಿಲ್ಲಿದ್ದೇನೆ, ನಿಲ್ಲಿಸಬೇಡ ಎಂದಷ್ಟೇ. ಹೆದರಿದ ಮನುಷ್ಯನೊಬ್ಬ ದೊಡ್ಡವರ ಎದುರು ನಿಂತು ಹೂಂ ಅಂದರೆ, ಬರೆದುಕೊಳ್ಳುವ ಮುಂಚೆ ಅದನ್ನು ನೆನೆಸಿಕೊಳ್ಳಿ.

ಅಡಿವೆಪ್ಪ ಬೆಂಕಿ ಹಚ್ಚಲಿಲ್ಲವೆಂದು ನನಗೆ ಗೊತ್ತಿಲ್ಲ. ಹಚ್ಚಿದೆ ಎಂದು ಅವನು ಹೇಳಿಲ್ಲ ಎಂಬುದು ಗೊತ್ತು.

ಅಂಗಳದಲ್ಲಿ ಜಮಖಾನೆ ಹಾಸುತ್ತಿದ್ದಾರೆ, ಜನ ಬರತೊಡಗಿದ್ದಾರೆ. ಹೋಗಿ ಬದಿಮಣೆಯ ಮೇಲೆ ಕೂರುತ್ತೇನೆ. ಅಡಿವೆಪ್ಪನ ಕಡೆ ತಿರುಗಿ, ಒಂದೂರಲ್ಲಿ ಒಬ್ಬ ರಾಜ ಇದ್ದ ಎಂದು ಆಯಿಯ ಕಥೆ ಶುರು ಮಾಡುತ್ತೇನೆ. ಅವನು ಹೂಂ ಅನ್ನತೊಡಗಿದ ಮೇಲೆ, ದನಿ ಬದಲಿಸದೆ, ಆಮೇಲೆ ನೀಲಗಂಗಾ ಹೋಗಿ ಬೀಜದ ಕಣಜಕ್ಕೆ ಬೆಂಕಿ ಹಚ್ಚಿದಳು ಅನ್ನುತ್ತೇನೆ. ಅವನು ಹೂಂ ಅನ್ನುತ್ತಾನೆ. ಆ ಮೂರು ಹೂಂ ಹೌದಾದರೆ ಇದೂ ಹೌದೇ. ನನ್ನ ಹೆಸರಿನ ಮುಂದೆ ಯಂತ್ರ ಹೌದು ಎಂದು ಬರೆದುಕೊಳ್ಳಲಿ.

ನಿಮ್ಮ ತಂಗಿ,
ನೀಲಗಂಗಾ